ನಾಲ್ಕು ದಿನಕ್ಕೆ ಐದು ಮೀಟರ್ ಮಳೆ

ಚಂಡಮಾರುತ ದಡಕ್ಕೆ ಬರಲಿಲ್ಲ ಅಂದರೆ ನಮಗೆ ಸಮಾಧಾನ, ಅಲ್ವಾ? ಮಡಗಾಸ್ಕರ್‌ನ ಪೂರ್ವಕ್ಕಿರುವ ರೀಯೂನಿಯನ್ ದ್ವೀಪದಲ್ಲಿ ಆ ಲೆಕ್ಕ ನಡೆಯುವುದಿಲ್ಲ. 2007ರ ಫೆಬ್ರವರಿಯಲ್ಲಿ ಗಾಮೆಡ್ ಚಂಡಮಾರುತ ದ್ವೀಪವನ್ನು ಮುಟ್ಟಲೇ ಇಲ್ಲ. ಸಮುದ್ರದ ಮೇಲೇ ಸುಳಿದಾಡಿತು. ಆದರೂ ಕೊಮೆರ್ಸನ್ ಎಂಬ ಜ್ವಾಲಾಮುಖಿ ಕುಳಿಯ ಹತ್ತಿರ ಮೂರು ದಿನಕ್ಕೆ 3,930 ಮಿ.ಮೀ., ನಾಲ್ಕು ದಿನಕ್ಕೆ 4,936 ಮಿ.ಮೀ. ಮಳೆ ಸುರಿಯಿತು. ಎರಡೂ ವಿಶ್ವದಾಖಲೆ. ನಮ್ಮ ಆಗುಂಬೆ ಇಡೀ ವರ್ಷದಲ್ಲಿ ಕಾಣುವುದು ಸುಮಾರು 7,000 ಮಿ.ಮೀ.

ಈ ಫ್ರೆಂಚ್ ದ್ವೀಪಕ್ಕೆ ದಾಖಲೆ ಹೊಸದಲ್ಲ. 1952ರ ಮಾರ್ಚ್‌ನಲ್ಲಿ ಸಿಲಾವೋಸ್‌ನಲ್ಲಿ ಒಂದೇ ದಿನ 1,870 ಮಿ.ಮೀ. ಬಿತ್ತೆಂದು ಬರೆದಿಟ್ಟಿದ್ದರು. ಆದರೆ ಈಗ ವಿಶ್ವ ಹವಾಮಾನ ಸಂಸ್ಥೆಯ ಪಟ್ಟಿಯಲ್ಲಿರುವುದು ಅದಲ್ಲ, 1966ರ ಜನವರಿಯ ಡೆನಿಸ್ ಚಂಡಮಾರುತದ್ದು: ಇದೇ ದ್ವೀಪದ ಫೋಕ್-ಫೋಕ್‌ನಲ್ಲಿ 24 ಗಂಟೆಗೆ 1,825 ಮಿ.ಮೀ. ಬೆಂಗಳೂರಿನ ಹತ್ತಿರ ಹತ್ತಿರ ಎರಡು ವರ್ಷದ ಮಳೆ ಒಂದೇ ದಿನಕ್ಕೆ! ಎರಡು ದಿನದ ದಾಖಲೆಯೂ ಇಲ್ಲಿನದೇ ಆಗಿತ್ತು, 1958ರ 2,467 ಮಿ.ಮೀ. ಚಿರಾಪುಂಜಿ ಅದನ್ನು ಬರೀ 26 ಮಿ.ಮೀ.ನಿಂದ ಕಿತ್ತುಕೊಂಡಿತು. ಅದು ಚಂಡಮಾರುತದ್ದಲ್ಲ, 1995ರ ಮುಂಗಾರಿನದು.

ಕಾರಣ ಮಲೆನಾಡಿನವರಿಗೆ ಹೊಸದೇನಲ್ಲ. ತೇವ ತುಂಬಿದ ಗಾಳಿ ಬೆಟ್ಟಕ್ಕೆ ಗುದ್ದಿ ಮೇಲೇರುತ್ತದೆ, ತಣ್ಣಗಾಗಿ ನೀರಿಳಿಸುತ್ತದೆ. ಆದರೆ ರೀಯೂನಿಯನ್‌ನಲ್ಲಿ ಎಲ್ಲವೂ ಇಕ್ಕಟ್ಟು. ಸುಮಾರು 2,500 ಚದರ ಕಿ.ಮೀ. ದ್ವೀಪದ ನಡುವೆ 3,070 ಮೀಟರ್ ಎತ್ತರದ ಪಿಟೋನ್ ದೆ ನೇಜ್ ನಿಂತಿದೆ. ಸುತ್ತಲೂ ಬೆಚ್ಚಗಿನ ಸಮುದ್ರ. ಚಂಡಮಾರುತ ತಿರುಗುತ್ತಿರುವವರೆಗೂ ಗಾಳಿ ಆ ಬೆಟ್ಟಗಳಿಗೆ ನೀರು ಹೊತ್ತು ತರುತ್ತಲೇ ಇರುತ್ತದೆ.

ಹಾಗಾಗಿ ಭಯ ಪಡಬೇಕಾದದ್ದು ಬಿರುಸಾಗಿ ಬಂದು ಹೋಗುವ ಚಂಡಮಾರುತಕ್ಕಿಂತ ಜಾಗ ಬಿಟ್ಟು ಕದಲದ್ದಕ್ಕೆ. 1980ರ ಜನವರಿಯ ಹ್ಯಾಸಿಂತ್ ಅಂಥದ್ದು. ಗಾಳಿ ಅಂಥ ಜೋರಿರಲಿಲ್ಲ. ಆದರೆ ದ್ವೀಪದ ಸುತ್ತಮುತ್ತಲೇ ಸುತ್ತು ಹಾಕುತ್ತಾ ಕೂತಿತು. ಕೊಮೆರ್ಸನ್‌ನಲ್ಲಿ 15 ದಿನಕ್ಕೆ 6,083 ಮಿ.ಮೀ. ಬಿತ್ತು, ದ್ವೀಪದಲ್ಲಿ 25 ಜನ ಸತ್ತರು. ಚಂಡಮಾರುತಕ್ಕೆ ನಾವು ಕೊಡುವ ದರ್ಜೆ ಗಾಳಿಯ ವೇಗದ್ದು. ಮಳೆ ಎಷ್ಟೆಂದು ಅದು ಹೇಳುವುದೇ ಇಲ್ಲ.

ಬೆಟ್ಟದ ಮೇಲೆ ಬಿದ್ದ ನೀರು ಅಲ್ಲೇ ನಿಲ್ಲುವುದೂ ಇಲ್ಲ. ಗಾಮೆಡ್ ಬಂದಾಗ ಸಿಲಾವೋಸ್ ಕಣಿವೆಯ ನೀರು ಸೇಂಟ್ ಎತಿಯೆನ್ ನದಿಯಲ್ಲಿ ಧುಮ್ಮಿಕ್ಕಿ ಇಳಿಯಿತು. ನೈರುತ್ಯ ಕರಾವಳಿಯಲ್ಲಿ ಆ ನದಿಗಿದ್ದ ಸೇತುವೆ ಕುಸಿಯಿತು. ಅದು ದ್ವೀಪದಲ್ಲಿ ಮಳೆ ಕಡಿಮೆ ಬೀಳುವ ಕಡೆ.