ಬಿಳಿ ಹಕ್ಕಿಯ ಎದೆ ಕಪ್ಪಾದಾಗ

ಹಳೇ ಹಕ್ಕಿ ಪುಸ್ತಕ ಕೈಗೆ ಸಿಕ್ಕರೆ ಎಲ್ಲರೂ ಮೊದಲು ಹಕ್ಕಿ ನೋಡುತ್ತಾರೆ. ನಾನು ಜೇಬಿನಿಂದ ಭೂತಗನ್ನಡಿ ತೆಗೆಯುತ್ತೇನೆ. ಪುಸ್ತಕ ದುರಸ್ತಿ ಮಾಡಿ ಮಾಡಿ ಅಂಟಿಕೊಂಡ ಚಾಳಿ ಇದು.

ಹೋದ ಮಳೆಗಾಲದಲ್ಲಿ ಒಬ್ಬರು ಕಟ್ಟು ಹಾಕಿಸಿದ ಚಿತ್ರವೊಂದನ್ನು ತಂದಿದ್ದರು. 'ಗೌಲ್ಡ್‌ದು ಸಾರ್, ತಾತನ ಕಾಲದ್ದು' ಅಂದರು. ಭೂತಗನ್ನಡಿ ಹಿಡಿದರೆ ಸಾಲುಸಾಲಾಗಿ ಬಣ್ಣದ ಚುಕ್ಕಿಗಳು. ಕ್ಯಾಲೆಂಡರ್‌ನಲ್ಲಿರುತ್ತವಲ್ಲ, ಅಂಥವೇ. ಆಫ್‌ಸೆಟ್ ಮುದ್ರಣ, ಅಂದರೆ ಈಚಿನ ಯಂತ್ರದ ಅಚ್ಚು. ಪಾಪ, ಕಾಫಿ ಕುಡಿಸಿ ಕಳಿಸಿದೆ.

ಇಂಗ್ಲೆಂಡಿನ ಹಕ್ಕಿತಜ್ಞ ಜಾನ್ ಗೌಲ್ಡ್ ಅವರ ಹಿಮಾಲಯದ ಹಕ್ಕಿಗಳ ಪುಸ್ತಕ ಲಂಡನ್ನಿನಲ್ಲಿ 1830ರ ದಶಕದ ಶುರುವಿನಲ್ಲಿ ಬಂತು. 80 ಚಿತ್ರಪುಟಗಳಲ್ಲಿ 100 ಹಕ್ಕಿಗಳು. ಅಚ್ಚು ತೆಗೆಯಲು ಕಲ್ಲಿನ ಮೇಲೆ ಅವನ್ನು ಬಿಡಿಸಿದವರು ಹೆಂಡತಿ ಎಲಿಜಬೆತ್. ಹೆಸರು ಓಡಿದ್ದು ಮಾತ್ರ ಗಂಡನದ್ದು! ಕಲ್ಲಚ್ಚಿನಿಂದ ಬರುತ್ತಿದ್ದದ್ದು ಬರೀ ಕಪ್ಪು ಚಿತ್ರ. ಬಣ್ಣವನ್ನು ಒಂದೊಂದು ಹಾಳೆಗೂ ಕುಂಚ ಹಿಡಿದೇ ಹಚ್ಚಬೇಕಿತ್ತು. ಅದಕ್ಕೇ ಬಣ್ಣ ಅಲ್ಲಲ್ಲಿ ಗೆರೆ ದಾಟಿರುತ್ತದೆ, ಒಂದು ಕಡೆ ದಟ್ಟ, ಒಂದು ಕಡೆ ತೆಳು. ಪುಟವನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಕೆಲವು ಹಕ್ಕಿಗಳ ಕಣ್ಣಿನಲ್ಲಿ ಗೋಂದಿನ ಹೊಳಪು ಕಾಣುತ್ತದೆ. ನನಗೆ ಬಲು ಇಷ್ಟವಾದ ಗಳಿಗೆ ಅದು.

ಆಮೇಲೆ ಪುಟ ಎಣಿಸಿ. ಇಡೀ ಪುಸ್ತಕಕ್ಕಿಂತ ಬಿಡಿ ಚಿತ್ರಗಳು ಜಾಸ್ತಿ ದುಡ್ಡು ತರುತ್ತವೆ ಅಂತ ಕತ್ತರಿಸಿ ಮಾರುವವರಿದ್ದಾರೆ. 1840ರ ದಶಕದಲ್ಲಿ ಜೆರ್ಡನ್ ಎಂಬ ಹಕ್ಕಿತಜ್ಞ ಮದರಾಸಿನಲ್ಲಿ ಹೊರತಂದ ಭಾರತದ ಹಕ್ಕಿಗಳ ಚಿತ್ರಪುಸ್ತಕದಲ್ಲಿ 50 ಚಿತ್ರಪುಟ ಇರಬೇಕು. 47 ಇದ್ದರೆ ಹೊಲಿಗೆಯ ಸಂದಿಯಲ್ಲಿ ಬೆರಳಾಡಿಸಿ. ಕತ್ತರಿಸಿದ ಹಾಳೆಯ ಮೋಟು ತುದಿ ಸಿಕ್ಕೀತು. ಪುಟಗಳು ಹಿಂದುಮುಂದಾಗಿದ್ದರೆ ಗಾಬರಿ ಬೇಡ. ಇಂಥ ಪುಸ್ತಕಗಳು ಕಂತುಕಂತಾಗಿ ಬರುತ್ತಿದ್ದವು, ಕೊಂಡವರು ತಾವೇ ರಟ್ಟು ಕಟ್ಟಿಸಿಕೊಳ್ಳುತ್ತಿದ್ದರು.

ಇನ್ನು, ಬೆಳ್ಳಗಿರಬೇಕಾದ ಹಕ್ಕಿಯ ಎದೆ ಮಸಿ ಬಳಿದಂತಿದ್ದರೆ? ಅದು ಕೊಳೆ ಅಲ್ಲ. ಆಗಿನ ಬಿಳಿ ಬಣ್ಣದಲ್ಲಿ ಸೀಸ ಇರುತ್ತಿತ್ತು. ಗಾಳಿಯಲ್ಲಿನ ಗಂಧಕದ ಅನಿಲ ತಾಗಿದರೆ ಅದು ಕಪ್ಪಾಗುತ್ತದೆ. ಒಬ್ಬರು ಒದ್ದೆ ಹತ್ತಿಯಿಂದ ಒರೆಸಿಕೊಂಡು ಬಂದಿದ್ದರು. ಕಪ್ಪು ಹೋಗಿರಲಿಲ್ಲ, ಪಕ್ಕದ ರೆಕ್ಕೆಯ ನೀಲಿ ಹೋಗಿತ್ತು. ಹೈಡ್ರೋಜನ್ ಪೆರಾಕ್ಸೈಡ್‌ನಿಂದ ಆ ಕಪ್ಪನ್ನು ಮತ್ತೆ ಬೆಳ್ಳಗೆ ಮಾಡಬಹುದು. ಆದರೆ ಅದು ಕೂದಲೆಳೆಯ ಕುಂಚದಲ್ಲಿ, ಚುಕ್ಕಿ ಚುಕ್ಕಿಯಾಗಿ, ಕೈ ಪಳಗಿದವರು ಮಾಡುವ ಕೆಲಸ. ನೀವು ಅಂಗಡಿಯಲ್ಲಿ ಅಂಥ ಹಕ್ಕಿ ಕಂಡರೆ ಸುಮ್ನೆ ಬೆಲೆ ಇಳಿಸಿ ಕೇಳಿ.