ಕಿತ್ತಳೆ ಲಿಕ್ಯೂರ್‌ಗೆ ರಸ ಯಾಕೆ ಹಾಕುವುದಿಲ್ಲ?

ಪ್ರಶ್ನೆ: ವೋಡ್ಕಾಗೆ ಕಿತ್ತಳೆ ರಸ, ಸಕ್ಕರೆ ಹಾಕಿ ಒಂದು ವಾರ ಇಟ್ಟೆ. ಹುಳಿಯಾಯಿತೇ ಹೊರತು ಬಾಟಲಿಯ ಲಿಕ್ಯೂರ್‌ನ (ಸಿಹಿ ಮದ್ಯ) ಘಮ ಬರಲಿಲ್ಲ. ತಪ್ಪೆಲ್ಲಿ?
– ಓದುಗರು, ಚಿಂತಾಮಣಿ

ಉತ್ತರ: ತಪ್ಪು ರಸದ್ದೇ. ಆ ಘಮ ಇರುವುದು ಸಿಪ್ಪೆಯ ಎಣ್ಣೆಯಲ್ಲಿ. ದೀಪದ ಮುಂದೆ ಸಿಪ್ಪೆ ಹಿಂಡಿದರೆ ಚಟಚಟ ಕಿಡಿ ಹಾರುತ್ತದಲ್ಲ, ಅದೇ ಎಣ್ಣೆ. ಅದು ನೀರಿನಲ್ಲಿ ಕರಗದು, ಮದ್ಯಸಾರದಲ್ಲಿ ಕರಗುತ್ತದೆ.

ಕೆರಿಬಿಯನ್‌ನ ಕ್ಯುರಸಾವ್ ದ್ವೀಪದ ಲಾರಾಹಾ ಕಿತ್ತಳೆ ಬಾಯಿಗಿಡಲಾಗದಷ್ಟು ಕಹಿ. ಅದರ ಸಿಪ್ಪೆಯನ್ನು ಬಿಸಿಲಿಗೆ ಒಣಗಿಸಿ, ಮದ್ಯಸಾರದೊಡನೆ ತಾಮ್ರದ ಪಾತ್ರೆಯಲ್ಲಿ ಬಟ್ಟಿ ಇಳಿಸುತ್ತಾರೆ. ಘಮ ಆವಿಯ ಜೊತೆ ಏರುತ್ತದೆ, ಕಹಿ ಮತ್ತು ಬಣ್ಣ ಕೆಳಗೇ ಉಳಿಯುತ್ತವೆ. ಹಾಗಾಗಿ ಇಳಿದದ್ದು ನೀರಿನಷ್ಟು ತಿಳಿ. ಆಮೇಲೆ ಸಕ್ಕರೆ, ನೀರು ಬೆರೆಸಿದರೆ ದ್ವೀಪದ ಹೆಸರಿನದೇ ಕ್ಯುರಸಾವ್ ಲಿಕ್ಯೂರ್. ನೀಲಿ ಕ್ಯುರಸಾವ್‌ನ ನೀಲಿ ಬರೀ ಹಾಕಿದ ಬಣ್ಣ! ಫ್ರಾನ್ಸಿನ ಕಿತ್ತಳೆ ಲಿಕ್ಯೂರ್ ಕ್ವಾಂಟ್ರೋ (1875) ಸಿಹಿ, ಕಹಿ ಕಿತ್ತಳೆ ಎರಡರ ಸಿಪ್ಪೆಯದು. ಶೇ 40 ಮದ್ಯಸಾರ.

ಮನೆಯಲ್ಲಿ ಬಟ್ಟಿ ಇಳಿಸುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಅಪರಾಧ, ಬೆಂಕಿಯ ಅಪಾಯ ಬೇರೆ. ಅಂಗಡಿಯಿಂದ ತಂದ ವೋಡ್ಕಾದಲ್ಲಿ ಸಿಪ್ಪೆ ನೆನೆಸುವ ದಾರಿಯೇ ಸಾಕು.

ಐದು ಕಿತ್ತಳೆಯನ್ನು ಬಿಸಿನೀರು, ಅಡುಗೆ ಸೋಡಾ ಹಾಕಿ ಉಜ್ಜಿ ತೊಳೆದು ಒರೆಸಿ. ಪೇಟೆ ಹಣ್ಣಿಗೆ ಮೇಣ ಬಳಿದಿರಬಹುದು. ಹಣ್ಣು ಸುಲಿಯುವ ಮೊದಲೇ ಪೀಲರ್‌ನಲ್ಲಿ ಬಣ್ಣದ ಪದರ ಮಾತ್ರ ಹೆರೆಯಿರಿ. ಒಳಗಿನ ಬಿಳಿ ಭಾಗ ಬಿದ್ದರೆ ಕಹಿ ಗ್ಯಾರಂಟಿ. ಲಾರಾಹಾದಂಥ ಚೂರು ಒಗರು ಬೇಕೆಂದರೆ ನಮ್ಮ ಹೇರಳೆಕಾಯಿ ಸಿಪ್ಪೆ ಎರಡು ಎಳೆ ಸೇರಿಸಿ, ಅದಕ್ಕಿಂತ ಹೆಚ್ಚು ಬೇಡ. 750 ಮಿ.ಲೀ. ವೋಡ್ಕಾದಲ್ಲಿ (ನಮ್ಮಲ್ಲಿ ಸಾಮಾನ್ಯವಾಗಿ ಶೇ 42.8 ಮದ್ಯಸಾರ) ಗಾಜಿನ ಜಾಡಿಯಲ್ಲಿ, ಕತ್ತಲಲ್ಲಿ ಇಡಿ. ಐದನೇ ದಿನದಿಂದ ರುಚಿ ನೋಡಿ. ಸಿಪ್ಪೆ ಬಿಳಚಿಕೊಂಡರೆ ಕೆಲಸ ಮುಗಿಯಿತು. ಹತ್ತು ದಿನ ದಾಟಿಸಬೇಡಿ.

ಸೋಸಿ, 250 ಗ್ರಾಂ ಸಕ್ಕರೆಯನ್ನು 250 ಮಿ.ಲೀ. ನೀರಲ್ಲಿ ಕರಗಿಸಿದ ಪಾಕ ಪೂರ್ತಿ ಆರಿದ ಮೇಲೆ ಬೆರೆಸಿ. ಮದ್ಯಸಾರ ಸುಮಾರು ಶೇ 27–28ಕ್ಕೆ ನಿಲ್ಲುತ್ತದೆ. ಬಿಸಿ ಪಾಕ ಸುರಿದರೆ ಘಮ ಹಾರಿಹೋಗುತ್ತದೆ. ಬೋರ್‌ವೆಲ್ ನೀರು ಬೇಡ: ಕೋಲಾರ, ಚಿಕ್ಕಬಳ್ಳಾಪುರದ ಗಡಸು ನೀರಿನ ಸುಣ್ಣ ಮದ್ಯಸಾರದಲ್ಲಿ ಗಷ್ಟಾಗಿ ತಳ ಹಿಡಿಯುತ್ತದೆ. ಆರ್‌ಒ ಫಿಲ್ಟರ್ ನೀರೇ ಸರಿ.

ಪಾಕ ಬಿದ್ದೊಡನೆ ಹಾಲಿನಂತೆ ಮಬ್ಬಾದರೆ ಹೆದರಬೇಡಿ, ಕೆಟ್ಟಿಲ್ಲ. ಮದ್ಯಸಾರ ತೆಳುವಾಗಿ ಎಣ್ಣೆ ಹೊರಬಂದದ್ದಷ್ಟೇ. ಎರಡು ದಿನ ಫ್ರಿಜ್‌ನಲ್ಲಿಟ್ಟು ಕಾಫಿ ಫಿಲ್ಟರ್ ಪೇಪರ್‌ನಲ್ಲಿ ಸೋಸಿದರೆ ಬಹುಪಾಲು ತಿಳಿಯಾಗುತ್ತದೆ. ಜೊತೆಗೆ ಒಂದಿಷ್ಟು ಘಮವೂ ಹೋಗುತ್ತದೆ, ಹಾಗಾಗಿ ಮಬ್ಬು ಇದ್ದರೆ ಇರಲಿ ಎನ್ನುವುದೇ ನಮ್ಮ ಸಲಹೆ.