ಟ್ರೌಟ್ ಕಣ್ಣೆದುರೇ ಇದೆ, ಆದರೂ ಫ್ಲೈ ಮುಟ್ಟಲ್ಲ. ಯಾಕೆ?

ಪ್ರಶ್ನೆ: ಇಂಗ್ಲೆಂಡಿನ ಹ್ಯಾಂಪ್‌ಶೈರ್‌ನಲ್ಲಿ ಇಚೆನ್ ಹೊಳೆಗೆ ಗಾಳ ಹಾಕಲು ಹೋಗಿದ್ದೆ. ಟ್ರೌಟ್ ಮೀನು ಮೇಲೆ ಬಂದು ಹುಳ ತಿನ್ನೋದು ಚೆನ್ನಾಗಿ ಕಾಣುತ್ತೆ. ನನ್ನ ಫ್ಲೈ, ಅಂದರೆ ಗಾಳಕ್ಕೆ ಕಟ್ಟಿದ ನಕಲಿ ಹುಳ, ಅದರ ತಲೆ ಮೇಲೇ ತೇಲಿ ಹೋದರೂ ತಿರುಗಿ ನೋಡಲ್ಲ. ಬೇರೆ ಫ್ಲೈ ಕಟ್ಟಬೇಕಾ?

ಉತ್ತರ: ಈಗಲೇ ಬೇಡ. ಫ್ಲೈ ಡಬ್ಬಿ ಜೇಬಲ್ಲೇ ಇರಲಿ. ಹೆಚ್ಚಾಗಿ ತಪ್ಪು ಫ್ಲೈನದ್ದಲ್ಲ, ದಾರದ್ದು.

ಇಚೆನ್, ಅಲ್ಲಿನದೇ ಟೆಸ್ಟ್ ಹೊಳೆ ಇವೆಲ್ಲ ಚಾಕ್ ಸ್ಟ್ರೀಮ್‌ಗಳು. ಮಳೆನೀರು ಸುಣ್ಣದ ಕಲ್ಲಿನೊಳಗೆ ಇಂಗಿ, ಸೋಸಿ, ಊಟೆಯಾಗಿ ಹೊರಬರುತ್ತದೆ. ಊಟೆಯ ನೀರು ವರ್ಷವಿಡೀ ಸುಮಾರು 10-11 ಡಿಗ್ರಿಯಲ್ಲೇ ಇರುತ್ತದೆ. ಅದಕ್ಕೇ ನೀರುಗಿಡ ದಟ್ಟ, ಹುಳ ಜಾಸ್ತಿ. ಇಲ್ಲಿನ ಟ್ರೌಟ್ ಪಂಕ್ತಿಯಲ್ಲಿ ಕೂತವರ ಹಾಗೆ: ಬಡಿಸುವವರು ಎದುರಿಗೇ ಬರುತ್ತಾರೆ, ಬೇಡ ಅನ್ನಿಸಿದ್ದನ್ನು ಬಿಟ್ಟರಾಯಿತು.

ಈಗ ದಾರದ ವಿಷಯ. ಗಿಡದ ಪೊದೆಗಳ ನಡುವೆ ನೀರು ಸೀಳಿಕೊಂಡು ಹರಿಯುತ್ತದೆ. ಒಂದು ಸೀಳು ಜೋರು, ಪಕ್ಕದ್ದು ನಿಧಾನ. ಫ್ಲೈ ನಿಧಾನದ ನೀರಿನಲ್ಲಿ, ದಾರ ಜೋರಿನಲ್ಲಿ ಬಿದ್ದರೆ ದಾರ ಮುಂದೆ ಓಡಿ ಫ್ಲೈಯನ್ನು ಎಳೆಯುತ್ತದೆ. ನಿಜವಾದ ಹುಳ ಹಾಗೆ ಜಾರುವುದಿಲ್ಲ, ಸುಮ್ನೆ ನೀರು ಹೋದ ಕಡೆ ಹೋಗುತ್ತದೆ. ದಂಡೆಯಿಂದ ಈ ಎಳೆತ ನಿಮಗೆ ಕಾಣದಿರಬಹುದು, ಮೀನಿಗೆ ಕಾಣುತ್ತದೆ. ಫ್ಲೈ ಪಕ್ಕದ ನೊರೆಗುಳ್ಳೆಯೊಂದನ್ನು ಗುರುತಿಟ್ಟುಕೊಳ್ಳಿ. ಎರಡೂ ಜೊತೆಜೊತೆಗೆ ಹೋಗದಿದ್ದರೆ ಎಳೆತ ಇದೆ ಅಂತಲೇ ಅರ್ಥ.

ಪರಿಹಾರ ಕಾಲಲ್ಲಿದೆ, ಕೈಯಲ್ಲಿ ಕಡಿಮೆ. ಮೀನು ಹರಿವಿಗೆ ಎದುರಾಗಿ ನಿಂತಿರುತ್ತದೆ, ಹಾಗಾಗಿ ಅದರ ಹಿಂದಿನಿಂದ ಬನ್ನಿ. ದಾರವೆಲ್ಲ ಒಂದೇ ಸೀಳಿನಲ್ಲಿ ಬೀಳುವ ಜಾಗ ಸಿಗುವವರೆಗೆ ಅಕ್ಕಪಕ್ಕ ಸರಿಯಿರಿ. ತುದಿಯ ತೆಳು ನೈಲಾನ್ ಎಳೆಯನ್ನು ಉದ್ದ ಮಾಡಿ, ಅದು ಬಿಗಿಯಾಗದೆ ಸಡಿಲವಾಗಿ ಬೀಳುವಂತೆ ಬೀಸಿ. ಆ ಸಡಿಲು ನೆಟ್ಟಗಾಗುವುದರೊಳಗೆ ಫ್ಲೈ ಮೀನನ್ನು ದಾಟಿದರೆ ಸಾಕು.

ಇಷ್ಟಾದರೂ ಮುಟ್ಟಲಿಲ್ಲವೇ? ಅದು ಏಳುವ ರೀತಿ ನೋಡಿ. ಮೂತಿ ಕಂಡು, ಗುಳ್ಳೆ ಉಳಿದರೆ ತೇಲುವ ಹುಳ ತಿನ್ನುತ್ತಿದೆ. ಬರೀ ಬೆನ್ನು, ಬಾಲ ಕಂಡರೆ ನೀರಿನ ಕೆಳಗೇ ಮರಿಹುಳ, ಅಂದರೆ ನಿಂಫ್ ತಿನ್ನುತ್ತಿರಬಹುದು. ಆಗ ತೇಲುವ ಫ್ಲೈ ದಂಡ. ಇದರ ಮೇಲೆ ಇಂಗ್ಲಿಷರು ದಶಕಗಟ್ಟಲೆ ಜಗಳವಾಡಿದ್ದಾರೆ! ಫ್ಲೈ ಗಾಳದ ಬಗ್ಗೆ ಪುಸ್ತಕ ಬರೆದ ಫ್ರೆಡರಿಕ್ ಹಾಲ್ಫರ್ಡ್ ಪಂಥದವರಿಗೆ ತೇಲುವ ಫ್ಲೈ ಮಾತ್ರ ಮರ್ಯಾದೆ. ಇಚೆನ್‌ನಲ್ಲೇ ನಿಂಫ್ ಹೋಲುವ ಮುಳುಗುವ ಫ್ಲೈ ಬಳಸಿದ ಜಿ.ಇ.ಎಂ. ಸ್ಕ್ಯೂಸ್ ಒಪ್ಪಲಿಲ್ಲ. 1938ರಲ್ಲಿ ಲಂಡನ್ನಿನ ಫ್ಲೈಫಿಷರ್ಸ್ ಕ್ಲಬ್‌ನಲ್ಲಿ ಇದೇ ಚರ್ಚೆಯಾಯಿತು. ನನ್ನ ಮತ ಸ್ಕ್ಯೂಸ್‌ಗೆ. ಆದರೆ ಕೆಲವು ಕಡೆ ಜುಲೈವರೆಗೆ ನಿಂಫ್ ಬಿಡುವುದಿಲ್ಲ, ಹೊಳೆ ನೋಡಿಕೊಳ್ಳುವ ಕೀಪರನ್ನು ಮೊದಲೇ ಕೇಳಿಬಿಡಿ.

ಫ್ಲೈ ಬದಲಿಸಲೇಬೇಕು ಅನ್ನಿಸಿದರೆ ಅದೇ ಬಗೆಯ, ಒಂದು ಸೈಜ್ ಚಿಕ್ಕದನ್ನು ಕಟ್ಟಿ. ಬಣ್ಣದ ಯೋಚನೆ ಆಮೇಲೆ.